ಲಿಂಕ್ ಒತ್ತಿದರೆ ಆ್ಯಪ್ ಬರುತ್ತದೆ, ಮೀಟಿಂಗ್ ಬರುವುದಿಲ್ಲ

ಉಬುಂಟು ಬಳಸುವ ಓದುಗರೊಬ್ಬರು ಕೇಳಿದ್ದಾರೆ: 'ಮೀಟಿಂಗ್ ಲಿಂಕ್ ಒತ್ತಿದರೆ ಆ್ಯಪ್ ತೆರೆದುಕೊಳ್ಳುತ್ತದೆ, ಆದರೆ ಮೀಟಿಂಗ್‌ಗೆ ಸೇರಿಸುವುದಿಲ್ಲ. ತೆಗೆದು ಮತ್ತೆ ಹಾಕಿದರೂ ಅದೇ ಪಾಡು. ಲಿನಕ್ಸೇ ಹೀಗೆಯೇ?'

ಖಂಡಿತ ಅಲ್ಲ. ಇಂಥ ತೊಂದರೆಯ ಬೇರು ಹೆಚ್ಚಾಗಿ ಆ್ಯಪ್‌ನ ಒಳಗಿರುವುದಿಲ್ಲ. ಲಿಂಕಿಗೂ ಆ್ಯಪಿಗೂ ನಡುವೆ ಇರುವ ಪುಟ್ಟ ಪಠ್ಯ ಕಡತಗಳಲ್ಲಿರುತ್ತದೆ. ಅವನ್ನು ಯಾರು ಬೇಕಾದರೂ ತೆರೆದು ಓದಬಹುದು.

ವಿಳಾಸದಲ್ಲಿ ಕೋಲನ್‌ಗೆ ಮೊದಲು ಬರುವ ತುಣುಕೇ ಸ್ಕೀಮ್. 1994ರಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು ಆರ್‌ಎಫ್‌ಸಿ 1738 ಬರೆದಾಗ ಎಚ್‌ಟಿಟಿಪಿ, ಎಫ್‌ಟಿಪಿ, ಮೇಲ್‌ಟು ಮುಂತಾದವನ್ನು ವಿವರಿಸಿ, ಹೊಸ ಸ್ಕೀಮ್‌ಗಳಿಗೂ ಜಾಗ ಬಿಟ್ಟಿದ್ದರು. ಜೂಮ್‌ನ 'ಜೂಮ್‌ಎಂಟಿಜಿ', ವಿಎಸ್ ಕೋಡ್‌ನ 'ವಿಎಸ್‌ಕೋಡ್' ಹಾಗೆ ಬಂದವು. ಬ್ರೌಸರ್‌ಗೆ ಇವುಗಳ ಅರ್ಥ ಗೊತ್ತಿಲ್ಲ; ಅದು ಲಿಂಕನ್ನು ಡೆಸ್ಕ್‌ಟಾಪ್‌ಗೆ ಒಪ್ಪಿಸಿಬಿಡುತ್ತದೆ.

ಯಾವ ಡೆಸ್ಕ್‌ಟಾಪ್? ಗ್ನೋಮ್‌ನದು ಒಂದು ರೀತಿ, ಕೆಡಿಇಯದು ಇನ್ನೊಂದು. ಇವೆರಡಕ್ಕೂ ಸಮಾನ ನೆಲೆ ಹುಡುಕಲು ಹ್ಯಾವೊಕ್ ಪೆನ್ನಿಂಗ್ಟನ್ 2000ರಲ್ಲಿ ಫ್ರೀಡೆಸ್ಕ್‌ಟಾಪ್ ಯೋಜನೆ ಆರಂಭಿಸಿದರು. 'ಎಕ್ಸ್‌ಡಿಜಿ-ಓಪನ್' ಇರುವ ಉಪಕರಣಗಳ ಕಟ್ಟು 2006ರಲ್ಲಿ ಬಂತು. ಈ ಪರಂಪರೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ನಿರ್ಧಾರ ಒಂದಿದೆ: ಸ್ಕೀಮ್‌ಗೆಂದು ಬೇರೆ ಏರ್ಪಾಡು ಕಟ್ಟದೆ, ಅದನ್ನೂ ಒಂದು ಕಡತದ ಬಗೆಯೆಂದೇ ಪರಿಗಣಿಸಿದರು. ಪಿಡಿಎಫ್ ಯಾವ ಆ್ಯಪ್‌ನಲ್ಲಿ ತೆರೆಯಬೇಕೆಂದು ತೀರ್ಮಾನಿಸುವ ವ್ಯವಸ್ಥೆಯೇ ಮೀಟಿಂಗ್ ಲಿಂಕ್ ಯಾರಿಗೆ ಸಲ್ಲಬೇಕೆಂದೂ ತೀರ್ಮಾನಿಸುತ್ತದೆ. ಒಂದನ್ನು ಸರಿಪಡಿಸಲು ಕಲಿತರೆ ಇನ್ನೊಂದೂ ಬಂದಂತೆಯೇ.

ಈಗ ಓದುಗರ ತೊಂದರೆಗೆ ಬರೋಣ. ಪ್ರತಿ ಆ್ಯಪ್‌ಗೂ 'ಡೆಸ್ಕ್‌ಟಾಪ್' ಎಂದು ಕೊನೆಯಾಗುವ ಒಂದು ಕಡತವಿದೆ. ಅದರ 'ಮೈಮ್‌ಟೈಪ್' ಸಾಲು ಯಾವ ಸ್ಕೀಮ್ ತನ್ನದೆಂದು ಹೇಳುತ್ತದೆ. 'ಎಕ್ಸೆಕ್' ಸಾಲು ಯಾವ ಆಜ್ಞೆ ಓಡಬೇಕೆಂದು ಹೇಳುತ್ತದೆ. ಆ ಆಜ್ಞೆಯ ಕೊನೆಗೆ ಶೇಕಡಾ ಚಿಹ್ನೆ ಮತ್ತು ಚಿಕ್ಕ ಅಥವಾ ದೊಡ್ಡ 'ಯು' ಅಕ್ಷರ ಇರಬೇಕು. ಲಿಂಕ್ ಬಂದು ಕೂರುವುದು ಅಲ್ಲಿಯೇ. ಅದಿಲ್ಲದಿದ್ದರೆ ಅಂಚೆಯಣ್ಣ ಬಾಗಿಲು ತಟ್ಟಿ ಕಾಗದ ಕೊಡದೆ ಹೋದಂತೆ: ಆ್ಯಪ್ ಎದ್ದಿತು, ಏಕೆ ಎದ್ದೆನೆಂದು ಅದಕ್ಕೆ ತಿಳಿಯದು. ಮೂಲ ಕಡತವನ್ನು ಮುಟ್ಟಬೇಡಿ. ಹೋಮ್ ಫೋಲ್ಡರಿನ 'ಲೋಕಲ್/ಶೇರ್/ಅಪ್ಲಿಕೇಶನ್ಸ್'ಗೆ (ಈ 'ಲೋಕಲ್' ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್) ಅದೇ ಹೆಸರಿನಲ್ಲಿ ನಕಲು ಮಾಡಿ ಅಲ್ಲಿ ತಿದ್ದಿ. ನಿಮ್ಮ ನಕಲಿಗೇ ಮೊದಲ ಮನ್ನಣೆ. ಆಮೇಲೆ 'ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್' ಆಜ್ಞೆಯನ್ನು ಆ ಫೋಲ್ಡರಿನ ಮೇಲೆ ಓಡಿಸಿ.

ಆ್ಯಪ್ ತೆರೆಯುವುದೇ ಇಲ್ಲವೆಂದರೆ ನೋಂದಣಿಯನ್ನೇ ಅನುಮಾನಿಸಬೇಕು. ಅದೇ ಕಟ್ಟಿನ 'ಎಕ್ಸ್‌ಡಿಜಿ-ಮೈಮ್' ಆಜ್ಞೆಯನ್ನು ಕೇಳಿದರೆ ಆ ಸ್ಕೀಮ್‌ನ ವಾರಸುದಾರ ಯಾರೆಂದು ಹೇಳುತ್ತದೆ. ಆ್ಯಪ್‌ಇಮೇಜ್ ಬಳಸುವವರಿಗೆ ಇಲ್ಲಿ ಖಾಲಿ ಸಾಲು ಕಾಣುವುದು ಸಾಮಾನ್ಯ. ಆ ಬಗೆಯ ಆ್ಯಪ್‌ಗೆ ಸ್ಥಾಪನೆಯ ಹಂತವೇ ಇಲ್ಲ, ಹಾಗಾಗಿ ನೋಂದಣಿಯೂ ತಾನಾಗಿ ಆಗುವುದಿಲ್ಲ.

ಟರ್ಮಿನಲ್‌ನಿಂದಲೇ 'ಎಕ್ಸ್‌ಡಿಜಿ-ಓಪನ್' ಮೂಲಕ ಲಿಂಕ್ ತೆರೆದು ನೋಡುವುದು ಒಳ್ಳೆಯದು. ಲಿಂಕನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಅದರಲ್ಲಿರುವ ಆ್ಯಂಪರ್‌ಸ್ಯಾಂಡ್ ಕಂಡರೆ ಶೆಲ್ ಅಲ್ಲಿಗೇ ಆಜ್ಞೆಯನ್ನು ತುಂಡರಿಸುತ್ತದೆ. ಅಲ್ಲಿ ಸರಿಯಾಗಿ ತೆರೆದು ಬ್ರೌಸರ್‌ನಿಂದ ಮಾತ್ರ ತೆರೆಯದಿದ್ದರೆ, ಬ್ರೌಸರ್ ನೆನಪಿಟ್ಟುಕೊಂಡ ಹಳೆಯ ಆಯ್ಕೆಯನ್ನು ನೋಡಿ. ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ ರೂಪದ ಬ್ರೌಸರ್ ಆದರೆ ಅದರ ಸುತ್ತಲಿನ ನಿರ್ಬಂಧದ ಬೇಲಿಯನ್ನೂ (ಸ್ಯಾಂಡ್‌ಬಾಕ್ಸ್) ನೋಡಿ. ಆ್ಯಪ್ ಮುಚ್ಚಿದ್ದಾಗ ಲಿಂಕ್ ಕೆಲಸ ಮಾಡಿ, ತೆರೆದಿದ್ದಾಗ ಮಾತ್ರ ಕೈಕೊಟ್ಟರೆ, ಹೊಸದಾಗಿ ಎದ್ದ ಪ್ರತಿ ತನಗೆ ಸಿಕ್ಕ ಲಿಂಕನ್ನು ಮೊದಲೇ ಓಡುತ್ತಿರುವ ಪ್ರತಿಗೆ ದಾಟಿಸುತ್ತಿಲ್ಲ ಎಂದರ್ಥ. ಅದನ್ನು ತಿದ್ದಬೇಕಾದವರು ಆ್ಯಪ್ ಬರೆದವರು. ಇಷ್ಟನ್ನು ಪರೀಕ್ಷಿಸಿ ಬರೆದ ದೂರು ಅವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.