ಉಪ್ಪು ಏರದ ಅಳಿವೆ

ಹಾವೇರಿ ಜಿಲ್ಲೆಯ ನಮ್ಮ ಮೇಡ್ಲೇರಿಗೂ ಕಡಲಿಗೂ ಬಲು ದೂರ. ನಮ್ಮ ಕಡೆಯ ಹೊಳೆ ತುಂಗಭದ್ರೆ, ಅದೂ ಮೂಡಣ ದಿಕ್ಕಿಗೆ ಹರಿದುಹೋಗುವಂಥದ್ದು. ಆದರೂ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಬಳಚು ಕಾಣೆಯಾದ ಕತೆ ನಮಗೂ ಸೇರಿದ್ದು. ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಕೂತು ಬೋರ್‌ವೆಲ್ ಮೋಟಾರು ಹಾಕುತ್ತೇವಲ್ಲ, ಆ ಕರೆಂಟಿನಲ್ಲಿ ಶರಾವತಿಯ ಪಾಲೂ ಇದೆ.

ಬಳಚು ಬಸವನಹುಳುವಿನ ದಾಯಾದಿ, ಎರಡು ಚಿಪ್ಪಿನ ಜೀವಿ. ಇಳಿತದ ಹೊತ್ತಿಗೆ ಹೆಂಗಸರು ಹೊಳೆಗಿಳಿದು ಅಂಗಾಲಿನಿಂದಲೇ ಕೆಸರು ತಡಕುತ್ತಾರೆ. ಗಟ್ಟಿಯಾದದ್ದು ತಾಗಿದರೆ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಕೆಸರಲ್ಲಿ ಹೂತುಕೊಂಡೇ ಅದು ಎರಡು ಸಣ್ಣ ಕೊಳವೆ ಮೇಲಕ್ಕೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಸೋಸಿ ಸಿಕ್ಕ ಸೂಕ್ಷ್ಮ ಪಾಚಿಯೇ ಅದರ ಊಟ. ನೀರು ಒಗ್ಗದಿದ್ದರೆ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಕೆಲವು ದಿನ ತಡೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಬದುಕಲಾರದು.

ಅಳಿವೆಗೆ ತನ್ನದೇ ವರ್ಷಚಕ್ರವಿದೆ. ಮಳೆಗಾಲದಲ್ಲಿ ನೀರೆಲ್ಲ ಸಿಹಿ. ಮಳೆ ನಿಂತು ಹೊಳೆ ಸಣ್ಣಗಾದಂತೆ ಭರತದ ನೀರು ಮೇಲಕ್ಕೆ ನುಗ್ಗಿ ಉಪ್ಪು ಏರುತ್ತದೆ. ಹೆಚ್ಚಿನ ಬಳಚು ಜಾತಿಗಳು ಮೊಟ್ಟೆಯಿಟ್ಟು ಬೆಳೆಯುವುದು ಆ ಉಪ್ಪನ್ನು ನಂಬಿಕೊಂಡು.

ಶರಾವತಿಯಲ್ಲಿ ಈ ಚಕ್ರ ತಪ್ಪಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಕೆಳಗೆ 1035 ಮೆಗಾವಾಟಿನ ವಿದ್ಯುದಾಗಾರ ಬಂತು, 2000ದ ಆಸುಪಾಸಿಗೆ ಗೇರುಸೊಪ್ಪೆಯಲ್ಲಿ ಇನ್ನೂ 240 ಮೆಗಾವಾಟ್ ಸೇರಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಟರ್ಬೈನಿಗೆ ಬಿಟ್ಟರೆ ಏಪ್ರಿಲ್ ಬಿಸಿಲಲ್ಲೂ ಅಳಿವೆಗೆ ಸಿಹಿನೀರೇ. ಉಪ್ಪಿಗೆ ಒಳಬರಲು ದಾರಿಯಿಲ್ಲ.

ಇದನ್ನು ಅಳೆದು ತೋರಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್, ಎಂ. ಬೂಮಿನಾಥನ್ ಮತ್ತು ಸಂಗಡಿಗರು. ಅವರ ಅಧ್ಯಯನ ಪ್ರಕಟವಾದದ್ದು 2014ರಲ್ಲಿ. ಶರಾವತಿಯೊಂದನ್ನೇ ನೋಡಿದ್ದರೆ ಬಳಚು ಅತಿಯಾಗಿ ಹೆಕ್ಕಿದ್ದರಿಂದ ಹೋಯಿತೋ, ಮರಳು ತೆಗೆದದ್ದರಿಂದ ಹೋಯಿತೋ ಎಂಬ ವಾದ ಮುಗಿಯುತ್ತಲೇ ಇರಲಿಲ್ಲ. ಅವರು ಪಕ್ಕದ ಅಘನಾಶಿನಿಯನ್ನೂ ಜೊತೆಗಿಟ್ಟುಕೊಂಡರು. ಅದೇ ಕರಾವಳಿ, ಅದೇ ಮುಂಗಾರು, ಅದೇ ಕಡಲು. ಅಘನಾಶಿನಿಗೆ ಮಾತ್ರ ಅಣೆಕಟ್ಟಿಲ್ಲ. ಅಲ್ಲಿ ನಾನಾ ಜಾತಿಯ ಬಳಚು ತುಂಬಿತ್ತು. ಶರಾವತಿಯಲ್ಲಿ ಸಿಹಿನೀರು ತಾಳಿಕೊಳ್ಳುವ ಕರಿಚಿಪ್ಪಿನ ವಿಲ್ಲೊರಿಟಾ ಒಂದೇ ಉಳಿದಿತ್ತು. ಮೆರೆಟ್ರಿಕ್ಸ್, ಪಾಫಿಯಾದಂಥ ಉಪ್ಪುನೀರಿನ ಜಾತಿಗಳು ಜಾಗ ಬಿಟ್ಟಿದ್ದವು.

ಹೋದದ್ದರ ಬೆಲೆ ಎಷ್ಟೆಂದು ತಿಳಿಯಲೂ ಅಘನಾಶಿನಿಯನ್ನೇ ನೋಡಬೇಕು. ಇದೇ ತಂಡದವರು ಅದಕ್ಕೂ ಮೊದಲು ಮಾಡಿದ ಲೆಕ್ಕದಲ್ಲಿ ಅಲ್ಲಿ 2300ಕ್ಕೂ ಹೆಚ್ಚು ಜನ ಚಿಪ್ಪು ಹೆಕ್ಕುವುದನ್ನೇ ನಂಬಿದ್ದರು; ವರ್ಷದ ವಹಿವಾಟು 5 ಕೋಟಿ ರೂಪಾಯಿ ದಾಟಿತ್ತು. ಬಂಡವಾಳವಿಲ್ಲದವರಿಗೆ ಹೊಳೆಯೇ ಕೊಡುವ ದುಡಿಮೆ ಅದು. ಆ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಈ ಶೋಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಸಂಗತಿ. ಅಘನಾಶಿನಿಗೂ ಅಣೆಕಟ್ಟು ಕಟ್ಟಿದ್ದರೆ ಹೋಲಿಸಲು ಹೊಳೆಯೇ ಇರುತ್ತಿರಲಿಲ್ಲ, ಶರಾವತಿಯ ನಷ್ಟಕ್ಕೆ ಸಾಕ್ಷಿಯೂ ಸಿಗುತ್ತಿರಲಿಲ್ಲ.

ಈಗ ಬೇಡ್ತಿ ಹೊಳೆಯ ನೀರನ್ನು ವರದಾ ಹೊಳೆಗೆ ತಿರುಗಿಸಿ ನಮ್ಮ ಹಾವೇರಿ ಜಿಲ್ಲೆಗೆ ತರುವ ಮಾತು ನಡೆದಿದೆ. ಬರ ಉಂಡವರು ನಾವು; ನೀರು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಕಡಲು ಸೇರುತ್ತದೆ, ಅಲ್ಲೂ ಬಳಚು ಹೆಕ್ಕುವವರಿದ್ದಾರೆ. ಶರಾವತಿಯಲ್ಲಿ ಸಿಹಿನೀರು ಹೆಚ್ಚಾಯಿತು, ಗಂಗಾವಳಿಯಲ್ಲಿ ಕಡಿಮೆಯಾದೀತು. ನೀರು ಕೇಳುವ ನಾವೇ ಇದನ್ನೂ ಕೇಳೋಣ: ಕಾಲುವೆಗೆ ಗುದ್ದಲಿ ಬೀಳುವ ಮೊದಲು ಗಂಗಾವಳಿ ಅಳಿವೆಯ ಉಪ್ಪನ್ನೂ ಬಳಚನ್ನೂ ಹನ್ನೆರಡು ತಿಂಗಳು ಅಳೆದು, ಆ ಲೆಕ್ಕವನ್ನು ಸರ್ಕಾರ ನಮ್ಮ ಜಿಲ್ಲೆಯ ಮತ್ತು ಆ ಕರಾವಳಿಯ ಜನರ ಮುಂದಿಡಲಿ.