ನ್ಯೂಯಾರ್ಕ್ ನಗರದ ಬರೋ ಕಾರಾಗೃಹಗಳ ನಿವೇಶನ ಆಯ್ಕೆ

ನ್ಯೂಯಾರ್ಕ್ ನಗರದ ಬರೋ ಕಾರಾಗೃಹ ಯೋಜನೆಯು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿ ರೈಕರ್ಸ್ ದ್ವೀಪದ ಕಾರಾಗೃಹಗಳನ್ನು ಮುಚ್ಚಿ, ಅವುಗಳ ಬದಲಿಗೆ ನಗರದೊಳಗಿನ ನಾಲ್ಕು ಸ್ಥಳಗಳಲ್ಲಿ ಚಿಕ್ಕ ಕಾರಾಗೃಹಗಳನ್ನು ಕಟ್ಟುವ ಯೋಜನೆಯಾಗಿದೆ. ನಗರದ ಐದು ಆಡಳಿತ ವಿಭಾಗಗಳನ್ನು 'ಬರೋ' ಎಂದು ಕರೆಯುತ್ತಾರೆ. ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್ ಮತ್ತು ಬ್ರಾಂಕ್ಸ್ ಬರೋಗಳಲ್ಲಿ ತಲಾ ಒಂದು ಕಾರಾಗೃಹಕ್ಕೆ ನಗರ ಪರಿಷತ್ತು 2019ರ ಅಕ್ಟೋಬರ್ 17ರಂದು ಒಪ್ಪಿಗೆ ನೀಡಿತು. ಕಾರಾಗೃಹದಂತಹ, ಎಲ್ಲರಿಗೂ ಬೇಕಾದರೂ ಯಾರೂ ತಮ್ಮ ನೆರೆಯಲ್ಲಿ ಬಯಸದ ಕಟ್ಟಡಕ್ಕೆ ಜಾಗ ಗೊತ್ತುಮಾಡುವಾಗ ಸಾರ್ವಜನಿಕರ ಅಭಿಪ್ರಾಯಕ್ಕೆ ಎಷ್ಟು ಬೆಲೆ ದೊರೆಯುತ್ತದೆ ಎಂಬುದಕ್ಕೆ ಈ ಪ್ರಕರಣವು ಒಂದು ಮುಖ್ಯ ಉದಾಹರಣೆಯಾಗಿದೆ.

ಹಿನ್ನೆಲೆ

ಅಮೆರಿಕದಲ್ಲಿ ಶಿಕ್ಷೆಗೊಳಗಾದವರನ್ನು ದೀರ್ಘಕಾಲ ಇರಿಸುವ ಸೆರೆಮನೆಗಳು ಬೇರೆ, ನಗರ ಅಥವಾ ಕೌಂಟಿಗಳು ನಡೆಸುವ ಸ್ಥಳೀಯ ಕಾರಾಗೃಹಗಳು ಬೇರೆ. ಸ್ಥಳೀಯ ಕಾರಾಗೃಹಗಳಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣಾಧೀನ ಕೈದಿಗಳು. ಅವರನ್ನು ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆದೊಯ್ಯಬೇಕಾಗುತ್ತದೆ. ವಕೀಲರೂ ಮನೆಯವರೂ ಅವರನ್ನು ಕಾಣಲು ಬರುತ್ತಾರೆ. ಆದುದರಿಂದ ಇಂತಹ ಕಾರಾಗೃಹ ಎಲ್ಲಿದೆ ಎಂಬ ಪ್ರಶ್ನೆಯು ನ್ಯಾಯದಾನದೊಡನೆ ನೇರವಾಗಿ ಹೆಣೆದುಕೊಂಡಿದೆ.

ಕ್ವೀನ್ಸ್ ಮತ್ತು ಬ್ರಾಂಕ್ಸ್ ನಡುವೆ ಈಸ್ಟ್ ನದಿಯಲ್ಲಿರುವ ರೈಕರ್ಸ್ ದ್ವೀಪವನ್ನು ನಗರಾಡಳಿತವು 1884ರಲ್ಲಿ ಖರೀದಿಸಿತು. ಮೂಲತಃ ನೂರು ಎಕರೆಗೂ ಕಡಿಮೆಯಿದ್ದ ದ್ವೀಪವು ನಗರದ ಕಸ ಮತ್ತು ಬೂದಿಯನ್ನು ತುಂಬುತ್ತ ಬಂದುದರಿಂದ ಸುಮಾರು 413 ಎಕರೆಗಳಿಗೆ ಬೆಳೆಯಿತು. 1930ರ ದಶಕದಲ್ಲಿ ಇಲ್ಲಿ ಕಾರಾಗೃಹ ಆರಂಭವಾಯಿತು. 1966ರಲ್ಲಿ ನಿರ್ಮಾಣವಾದ ಒಂದೇ ಒಂದು ಸೇತುವೆಯು ದ್ವೀಪವನ್ನು ಕ್ವೀನ್ಸ್‌ಗೆ ಜೋಡಿಸುತ್ತದೆ. 1990ರ ದಶಕದ ಆರಂಭದಲ್ಲಿ ನಗರದ ಕಾರಾಗೃಹಗಳಲ್ಲಿ ಒಟ್ಟು 20,000ಕ್ಕೂ ಹೆಚ್ಚು ಬಂದಿಗಳಿದ್ದರು.

ಹಿಂಸೆ, ಸಿಬ್ಬಂದಿಯ ಬಲಪ್ರಯೋಗ ಮತ್ತು ವಿಚಾರಣೆಯ ವಿಳಂಬಕ್ಕೆ ರೈಕರ್ಸ್ ಕುಖ್ಯಾತವಾಯಿತು. ಬೆನ್ನಿಗೆ ಹಾಕುವ ಚೀಲವೊಂದನ್ನು ಕದ್ದ ಆರೋಪದ ಮೇಲೆ 2010ರಲ್ಲಿ ಬಂಧಿತನಾದ 16 ವರ್ಷದ ಕಲೀಫ್ ಬ್ರೌಡರ್‌ಗೆ 3,000 ಡಾಲರ್ ಜಾಮೀನು ನಿಗದಿಯಾಗಿತ್ತು. ಅದನ್ನು ಭರಿಸಲು ಕುಟುಂಬಕ್ಕೆ ಸಾಧ್ಯವಾಗಲಿಲ್ಲ. ಆತ ಮೂರು ವರ್ಷಗಳ ಕಾಲ ಅಲ್ಲಿಯೇ ಉಳಿದನು. ಅದರಲ್ಲಿ ಬಹುಭಾಗವನ್ನು ಏಕಾಂತ ಬಂಧನದಲ್ಲಿ ಕಳೆದನು. ವಿಚಾರಣೆಯೇ ನಡೆಯದೆ ಪ್ರಕರಣವು ವಜಾಗೊಂಡಿತು. 2015ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡನು. ಈ ಘಟನೆಯು ದ್ವೀಪದ ಕಾರಾಗೃಹವನ್ನು ಮುಚ್ಚಬೇಕೆಂಬ ಚಳವಳಿಗೆ ಬಲ ನೀಡಿತು. ಸೆರೆವಾಸವನ್ನು ಸ್ವತಃ ಅನುಭವಿಸಿದ್ದವರು ಆ ಚಳವಳಿಯ ಮುಂಚೂಣಿಯಲ್ಲಿದ್ದರು.

ರಾಜ್ಯದ ನಿವೃತ್ತ ಮುಖ್ಯ ನ್ಯಾಯಾಧೀಶ ಜೊನಾಥನ್ ಲಿಪ್‌ಮನ್ ಅವರ ಅಧ್ಯಕ್ಷತೆಯ ಸ್ವತಂತ್ರ ಆಯೋಗವು 2017ರಲ್ಲಿ ವರದಿ ಸಲ್ಲಿಸಿ, ರೈಕರ್ಸ್ ಅನ್ನು ಮುಚ್ಚಿ ನ್ಯಾಯಾಲಯಗಳ ಸಮೀಪದಲ್ಲಿ ಚಿಕ್ಕ ಕಾರಾಗೃಹಗಳನ್ನು ಕಟ್ಟಬೇಕೆಂದು ಶಿಫಾರಸು ಮಾಡಿತು. ಆಗಿನ ಮೇಯರ್ ಬಿಲ್ ಡಿ ಬ್ಲಾಸಿಯೊ ಅದೇ ವರ್ಷದ ಮಾರ್ಚ್ 31ರಂದು ಹತ್ತು ವರ್ಷಗಳೊಳಗೆ ದ್ವೀಪದ ಕಾರಾಗೃಹಗಳನ್ನು ಮುಚ್ಚುವ ಗುರಿಯನ್ನು ಪ್ರಕಟಿಸಿದರು.

ಆಯ್ಕೆಯಾದ ಸ್ಥಳಗಳು

2018ರಲ್ಲಿ ನಗರಾಡಳಿತವು ನಾಲ್ಕು ಸ್ಥಳಗಳನ್ನು ಪ್ರಕಟಿಸಿತು. ಐದನೆಯ ಬರೋ ಆದ ಸ್ಟೇಟನ್ ದ್ವೀಪವನ್ನು ಯೋಜನೆಯಿಂದ ಹೊರಗಿಡಲಾಯಿತು.

ಮ್ಯಾನ್‌ಹಟನ್: ಮೊದಲು ಸೆಂಟರ್ ಸ್ಟ್ರೀಟಿನ ಸರ್ಕಾರಿ ಕಟ್ಟಡವೊಂದನ್ನು ಸೂಚಿಸಲಾಗಿತ್ತು. ಅಲ್ಲಿದ್ದ ಕಚೇರಿಗಳನ್ನು ಸ್ಥಳಾಂತರಿಸುವ ತೊಡಕಿನಿಂದಾಗಿ ಅದನ್ನು ಕೈಬಿಟ್ಟು, ಚೈನಾಟೌನ್‌ಗೆ ಅಂಟಿಕೊಂಡಿರುವ ವೈಟ್ ಸ್ಟ್ರೀಟಿನ ಹಳೆಯ ಕಾರಾಗೃಹದ ಜಾಗವನ್ನು ಆಯ್ದುಕೊಳ್ಳಲಾಯಿತು.

ಬ್ರೂಕ್ಲಿನ್: ಅಟ್ಲಾಂಟಿಕ್ ಅವೆನ್ಯೂದಲ್ಲಿದ್ದ ಹಳೆಯ ಕಾರಾಗೃಹದ ಜಾಗ.

ಕ್ವೀನ್ಸ್: ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಕ್ರಿಮಿನಲ್ ನ್ಯಾಯಾಲಯದ ಹಿಂಭಾಗದ, ಬಳಕೆಯಲ್ಲಿಲ್ಲದ ಹಳೆಯ ಕಾರಾಗೃಹದ ಜಾಗ. ಮಹಿಳಾ ಬಂದಿಗಳನ್ನು ಇಲ್ಲಿ ಇರಿಸುವುದೆಂದು ನಂತರ ನಿರ್ಧರಿಸಲಾಯಿತು.

ಬ್ರಾಂಕ್ಸ್: ಮಾಟ್ ಹೇವನ್ ಬಡಾವಣೆಯಲ್ಲಿ, ಪೊಲೀಸರು ಎಳೆದು ತಂದ ವಾಹನಗಳನ್ನು ನಿಲ್ಲಿಸುವ ಅಂಗಳ. ನಾಲ್ಕರಲ್ಲಿ ನ್ಯಾಯಾಲಯದಿಂದ ದೂರವಿರುವ ಸ್ಥಳ ಇದೊಂದೇ ಆಗಿತ್ತು.

ಸಾರ್ವಜನಿಕ ಪರಿಶೀಲನೆಯ ವಿಧಾನ

ನ್ಯೂಯಾರ್ಕಿನಲ್ಲಿ ದೊಡ್ಡ ಭೂಬಳಕೆ ಬದಲಾವಣೆಗಳೆಲ್ಲ 'ಏಕರೂಪ ಭೂಬಳಕೆ ಪರಿಶೀಲನಾ ವಿಧಾನ'ದ ಮೂಲಕ ಹಾದುಹೋಗಬೇಕು. 1975ರ ಸನ್ನದು ತಿದ್ದುಪಡಿಯಿಂದ ರೂಪುಗೊಂಡ ಈ ವಿಧಾನದಲ್ಲಿ ಮೊದಲು ಸಮುದಾಯ ಮಂಡಳಿಗೆ 60 ದಿನ, ಬರೋ ಅಧ್ಯಕ್ಷರಿಗೆ 30 ದಿನ, ನಗರ ಯೋಜನಾ ಆಯೋಗಕ್ಕೆ 60 ದಿನ ಮತ್ತು ಕೊನೆಗೆ ನಗರ ಪರಿಷತ್ತಿಗೆ 50 ದಿನಗಳ ಕಾಲಾವಕಾಶವಿರುತ್ತದೆ. ಪ್ರತಿ ಹಂತದಲ್ಲಿಯೂ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಸಮುದಾಯ ಮಂಡಳಿಗಳ ಸದಸ್ಯರು ಸಂಬಳವಿಲ್ಲದೆ ದುಡಿಯುವ ಸ್ಥಳೀಯ ನಿವಾಸಿಗಳು. ಆದರೆ ಮಂಡಳಿ ಮತ್ತು ಬರೋ ಅಧ್ಯಕ್ಷರ ಅಭಿಪ್ರಾಯಗಳು ಸಲಹಾರೂಪದವು. ಅವು ಯೋಜನೆಯನ್ನು ತಡೆಯಲಾರವು. ಆಯೋಗ ಮತ್ತು ಪರಿಷತ್ತಿನ ಮತಗಳು ಮಾತ್ರ ನಿರ್ಣಾಯಕ. ಇದಲ್ಲದೆ, ಕಾರಾಗೃಹ, ತ್ಯಾಜ್ಯ ಘಟಕಗಳಂತಹ ಸೌಲಭ್ಯಗಳ ಹೊರೆಯು ಕೆಲವೇ ಬಡಾವಣೆಗಳ ಮೇಲೆ ಬೀಳದಂತೆ 'ನ್ಯಾಯಯುತ ಹಂಚಿಕೆ'ಯ ಮಾನದಂಡಗಳನ್ನು ಪಾಲಿಸಬೇಕೆಂದು 1989ರ ಸನ್ನದು ತಿದ್ದುಪಡಿಯು ವಿಧಿಸುತ್ತದೆ.

ನಾಲ್ಕು ಸ್ಥಳಗಳನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿ 2019ರ ಮಾರ್ಚ್‌ನಲ್ಲಿ ಪರಿಶೀಲನೆಯನ್ನು ಆರಂಭಿಸಲಾಯಿತು. ಎಲ್ಲ ಬರೋಗಳೂ ಒಟ್ಟಿಗೆ ಹೊಣೆ ಹೊರಬೇಕೆಂಬುದು ಆಡಳಿತದ ಸಮರ್ಥನೆಯಾಗಿತ್ತು. ಒಂದು ಸ್ಥಳವನ್ನು ಅದರದೇ ಗುಣದೋಷಗಳ ಮೇಲೆ ತಿರಸ್ಕರಿಸುವ ಅವಕಾಶ ಇದರಿಂದ ಇಲ್ಲವಾಯಿತೆಂದು ಟೀಕಾಕಾರರು ವಾದಿಸಿದರು.

ಆಕ್ಷೇಪಣೆಗಳು

ಸಂಬಂಧಪಟ್ಟ ನಾಲ್ಕೂ ಸಮುದಾಯ ಮಂಡಳಿಗಳು ಯೋಜನೆಯ ವಿರುದ್ಧ ಮತ ನೀಡಿದವು. ಆಕ್ಷೇಪಣೆಗಳು ಒಂದೇ ಬಗೆಯವಾಗಿರಲಿಲ್ಲ. ಕ್ಯೂ ಗಾರ್ಡನ್ಸ್ ಮತ್ತು ಬ್ರೂಕ್ಲಿನ್ ನಿವಾಸಿಗಳು ಕಟ್ಟಡದ ಎತ್ತರ, ಗಾತ್ರ ಮತ್ತು ವಾಹನ ದಟ್ಟಣೆಯನ್ನು ಪ್ರಶ್ನಿಸಿದರು. ಚೈನಾಟೌನ್‌ನಲ್ಲಿ ಉದ್ದೇಶಿತ ಸ್ಥಳದ ಪಕ್ಕದಲ್ಲಿಯೇ ವೃದ್ಧರ ವಸತಿಗೃಹವಿದ್ದು, ಹಳೆಯ ಕಟ್ಟಡ ಕೆಡಹುವಾಗಿನ ಧೂಳು ಮತ್ತು ಸದ್ದಿನ ಬಗ್ಗೆ ಕಳವಳ ವ್ಯಕ್ತವಾಯಿತು. ಸಮೀಪದ ಸಣ್ಣ ಅಂಗಡಿಗಳ ವ್ಯಾಪಾರ ಕುಸಿಯುವ ಭೀತಿಯೂ ಇತ್ತು.

ಬ್ರಾಂಕ್ಸ್‌ನ ವಾದವು ನ್ಯಾಯಯುತ ಹಂಚಿಕೆಯನ್ನು ಕುರಿತದ್ದಾಗಿತ್ತು. ದಕ್ಷಿಣ ಬ್ರಾಂಕ್ಸ್ ಬಡವರು ಹೆಚ್ಚಾಗಿರುವ ಪ್ರದೇಶ. 1992ರಿಂದ ನದಿಯಲ್ಲಿ ನಿಲ್ಲಿಸಿದ ದೋಣಿಯ ಮೇಲೆ ಸುಮಾರು 800 ಹಾಸಿಗೆಗಳ ಕಾರಾಗೃಹವೊಂದು ಅಲ್ಲಿಯೇ ಇತ್ತು. ಪೊಲೀಸ್ ಅಂಗಳದಲ್ಲಿ ಮನೆಗಳನ್ನು ಕಟ್ಟಬೇಕೆಂಬ ಯೋಜನೆಯನ್ನು ಸ್ಥಳೀಯ ವಸತಿ ಸಂಸ್ಥೆಯೊಂದು ಮೊದಲೇ ಸಿದ್ಧಪಡಿಸಿತ್ತು. ಕಾರಾಗೃಹ ಬೇಕೇ ಆದಲ್ಲಿ ಅದು ನ್ಯಾಯಾಲಯದ ಪಕ್ಕದಲ್ಲಿರಲಿ ಎಂದು ಬರೋ ಅಧ್ಯಕ್ಷ ರೂಬೆನ್ ಡಯಾಜ್ ಕಿರಿಯ ಅವರು ಒತ್ತಾಯಿಸಿದರು.

ಮೂರನೆಯ ಗುಂಪು ಸ್ಥಳವನ್ನಲ್ಲ, ಕಾರಾಗೃಹವನ್ನೇ ವಿರೋಧಿಸಿತು. ಆ ಹಣವನ್ನು ವಸತಿ, ಶಿಕ್ಷಣ ಮತ್ತು ಮಾನಸಿಕ ಆರೋಗ್ಯಕ್ಕೆ ಬಳಸಬೇಕೆಂಬುದು ಅದರ ಬೇಡಿಕೆಯಾಗಿತ್ತು. ಬಂದಿಗಳ ಬಂಧುಗಳು ಹಾಗೂ ಮಾಜಿ ಬಂದಿಗಳಲ್ಲಿ ಅನೇಕರು ಯೋಜನೆಯ ಪರವಾಗಿ ಮಾತನಾಡಿ, ದ್ವೀಪದ ದೂರವೇ ಅಲ್ಲಿನ ಕ್ರೌರ್ಯವನ್ನು ಮರೆಮಾಚಿದೆ ಎಂದು ವಾದಿಸಿದರು.

ಬದಲಾವಣೆಗಳು ಮತ್ತು ಅಂಗೀಕಾರ

ಅಹವಾಲು ಸಭೆಗಳಿಂದ ಯಾವ ಸ್ಥಳವೂ ರದ್ದಾಗಲಿಲ್ಲ. ಆದರೆ ಕಟ್ಟಡಗಳ ಸ್ವರೂಪ ಬದಲಾಯಿತು. ಗರಿಷ್ಠ ಎತ್ತರವನ್ನು ಹೀಗೆ ತಗ್ಗಿಸಲಾಯಿತು:

ಮ್ಯಾನ್‌ಹಟನ್: 450 ಅಡಿಯಿಂದ 295 ಅಡಿಗೆ
ಬ್ರೂಕ್ಲಿನ್: 395 ಅಡಿಯಿಂದ 295 ಅಡಿಗೆ
ಕ್ವೀನ್ಸ್: 270 ಅಡಿಯಿಂದ 195 ಅಡಿಗೆ
ಬ್ರಾಂಕ್ಸ್: 245 ಅಡಿಯಿಂದ 195 ಅಡಿಗೆ

ಪ್ರತಿ ಕಾರಾಗೃಹದ ಹಾಸಿಗೆಗಳ ಸಂಖ್ಯೆಯನ್ನು 1,437ರಿಂದ ಹಂತ ಹಂತವಾಗಿ 886ಕ್ಕೆ ಇಳಿಸಲಾಯಿತು. ಇದಕ್ಕೆ ಜಾಮೀನು ಕಾನೂನಿನ ಸುಧಾರಣೆಯಿಂದ ಬಂದಿಗಳ ಸಂಖ್ಯೆ ಸುಮಾರು 3,300ಕ್ಕೆ ಕುಸಿಯುವುದೆಂಬ ಅಂದಾಜೂ ಕಾರಣವಾಗಿತ್ತು. ಬಡಾವಣೆಗಳಿಗೆ ಶಾಲೆ, ಉದ್ಯಾನ, ವಸತಿ ಮತ್ತು ಸಮುದಾಯ ಕೇಂದ್ರಗಳಿಗಾಗಿ ಅನುದಾನದ ಭರವಸೆಯನ್ನೂ ನೀಡಲಾಯಿತು.

ನಗರ ಯೋಜನಾ ಆಯೋಗವು 2019ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಭೂಬಳಕೆಯ ವಿಷಯದಲ್ಲಿ ಆಯಾ ಕ್ಷೇತ್ರದ ಸದಸ್ಯರ ಮಾತಿಗೆ ಮನ್ನಣೆ ಕೊಡುವುದು ಪರಿಷತ್ತಿನ ರೂಢಿ. ನಾಲ್ಕೂ ಕ್ಷೇತ್ರಗಳ ಸದಸ್ಯರು ಬೆಂಬಲಿಸಿದ್ದರಿಂದ ಯೋಜನೆಯು 36–13 ಮತಗಳಿಂದ ಅಂಗೀಕಾರವಾಯಿತು.

ನಂತರದ ಬೆಳವಣಿಗೆಗಳು

ಮ್ಯಾನ್‌ಹಟನ್ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. 2020ರಲ್ಲಿ ಕೆಳಹಂತದ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತರೂ, 2021ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ರೈಕರ್ಸ್ ಮುಚ್ಚುವ ಗಡುವನ್ನು 2026ರ ಅಂತ್ಯದಿಂದ 2027ರ ಆಗಸ್ಟ್‌ಗೆ ಮುಂದೂಡಲಾಯಿತು.

ಬಂದಿಗಳ ಸಂಖ್ಯೆ ಅಂದಾಜಿನಂತೆ ಇಳಿಯಲಿಲ್ಲ; 2023ರ ವೇಳೆಗೆ ಅದು 6,000ವನ್ನು ಮೀರಿತು. ಆಗ ಮೇಯರ್ ಆಗಿದ್ದ ಎರಿಕ್ ಆಡಮ್ಸ್ ಅವರ ಆಡಳಿತವು ಪ್ರತಿ ಕಾರಾಗೃಹದ ಹಾಸಿಗೆಗಳನ್ನು 1,040ಕ್ಕೆ ಏರಿಸಿತು. ಆರಂಭದಲ್ಲಿ 870 ಕೋಟಿ ಡಾಲರ್ ಎಂದು ಅಂದಾಜಿಸಿದ್ದ ವೆಚ್ಚವು 1,300 ಕೋಟಿ ಡಾಲರ್‌ಗಳನ್ನು ಮೀರಿತು. ಬ್ರೂಕ್ಲಿನ್ ಕಾರಾಗೃಹವು 2029ರಲ್ಲಿ, ಮ್ಯಾನ್‌ಹಟನ್‌ನದು 2032ರಲ್ಲಿ ಮುಗಿಯುವುದೆಂದು ಪ್ರಕಟಿಸಲಾಯಿತು. ಕಾನೂನಿನ ಗಡುವನ್ನು ಪಾಲಿಸಲು ಸಾಧ್ಯವಿಲ್ಲವೆಂದು ಲಿಪ್‌ಮನ್ ಆಯೋಗವೇ 2025ರ ಮಾರ್ಚ್‌ನ ವರದಿಯಲ್ಲಿ ತಿಳಿಸಿತು.

ವಿಮರ್ಶೆ

ಸ್ಥಳಗಳನ್ನು ಮೊದಲು ಗೊತ್ತುಮಾಡಿ ಆಮೇಲೆ ಜನರನ್ನು ಕೇಳಲಾಯಿತು ಎಂಬುದು ಈ ಪ್ರಕ್ರಿಯೆಯ ಮೇಲಿನ ಮುಖ್ಯ ಟೀಕೆಯಾಗಿದೆ. ಇದರಿಂದಾಗಿ 'ಎಲ್ಲಿ' ಎಂಬ ಪ್ರಶ್ನೆಗೆ ಅಹವಾಲು ಸಭೆಗಳಲ್ಲಿ ಉತ್ತರ ಬದಲಾಗಲಿಲ್ಲ. 'ಎಷ್ಟು ಎತ್ತರ, ಎಷ್ಟು ಹಾಸಿಗೆ, ಪ್ರತಿಯಾಗಿ ಏನು' ಎಂಬ ಪ್ರಶ್ನೆಗಳಿಗೆ ಮಾತ್ರ ಬದಲಾಯಿತು. ಹಾಗೆ ಪಡೆದ ಹಾಸಿಗೆಗಳ ಮಿತಿಯೂ ನಾಲ್ಕು ವರ್ಷಗಳಲ್ಲಿ ಸಡಿಲಗೊಂಡಿತು. ಇನ್ನೊಂದೆಡೆ, ನೆರೆಯವರ ಒಪ್ಪಿಗೆಯನ್ನೇ ಕಡ್ಡಾಯ ಮಾಡಿದ್ದರೆ ಯಾವ ಬಡಾವಣೆಯೂ ಕಾರಾಗೃಹವನ್ನು ಒಪ್ಪುತ್ತಿರಲಿಲ್ಲ, ಬಂದಿಗಳು ದ್ವೀಪದಲ್ಲಿಯೇ ಉಳಿಯುತ್ತಿದ್ದರು ಎಂದು ಯೋಜನೆಯ ಸಮರ್ಥಕರು ಹೇಳುತ್ತಾರೆ. ಸಮುದಾಯ ಮಂಡಳಿಯ ಮತದಾನದಲ್ಲಿ ನೆರೆಯ ನಿವಾಸಿಗಳಿಗೆ ಪ್ರಾತಿನಿಧ್ಯವಿದ್ದರೂ, ಕಾರಾಗೃಹದಲ್ಲಿ ದಿನ ಕಳೆಯುವ ವಿಚಾರಣಾಧೀನ ಬಂದಿಗಳಿಗೆ ಅಂತಹ ಮತವಿರುವುದಿಲ್ಲ ಎಂಬುದನ್ನೂ ಅವರು ಎತ್ತಿ ತೋರಿಸುತ್ತಾರೆ.