ನಿಂತ ದೋಣಿಯ ಲೆಕ್ಕ

ಮುಂಬೈ ಬಳಿಯ ಕಾಮೋಠೆಯ ಒಂದು ಬದಿಗೆ ಸಾಯನ್–ಪನ್ವೆಲ್ ಹೆದ್ದಾರಿ, ಇನ್ನೊಂದು ಬದಿಗೆ ಕಾಂಡ್ಲಾ ಪೊದೆಗಳ ಆಚೆ ಪನ್ವೆಲ್ ಖಾಡಿ. ಹೆದ್ದಾರಿಯ ಬದಿಯ ಬದುಕು ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಹಳೆ ಕಾರು ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಕಿಲೋಮೀಟರ್ ಓಡಿದೆ? ಕಡಿಮೆ ಓಡಿದಷ್ಟೂ ಗಾಡಿ ಗಟ್ಟಿ, ಬೆಲೆ ಜಾಸ್ತಿ. ಖಾಡಿಯ ಕಡೆ ಮುಖ ಮಾಡಿ, ಹಳೆಯದೊಂದು ಸ್ಪೀಡ್‌ಬೋಟ್ ಕೊಳ್ಳುವ ಆಸೆ ಹುಟ್ಟಿದವರೂ ಇದೇ ಪ್ರಶ್ನೆಯನ್ನು ಕೊಂಡೊಯ್ಯುತ್ತಾರೆ. ದೋಣಿಗೆ ಕಿಲೋಮೀಟರಿನ ಮೀಟರ್ ಇಲ್ಲ, ಎಂಜಿನ್ ಓಡಿದ ಗಂಟೆಗಳ ಲೆಕ್ಕವಿದೆ. ‘ಇಪ್ಪತ್ತು ವರ್ಷದ ದೋಣಿ, ಓಡಿದ್ದು ಬರೀ 200 ಗಂಟೆ’ ಎಂದು ಮಾರುವವನು ಹೇಳಿದರೆ ಕೊಳ್ಳುವವನ ಕಣ್ಣು ಅರಳುತ್ತದೆ. ರಸ್ತೆಯ ಲೆಕ್ಕ ನೀರಿನಲ್ಲಿ ತಲೆಕೆಳಗಾಗುವುದು ಇಲ್ಲಿಯೇ. ಉಪ್ಪುನೀರಿನಲ್ಲಿ ಓಡುವ ದೋಣಿಗಿಂತ ಆರೈಕೆಯಿಲ್ಲದೆ ನಿಂತ ದೋಣಿ ಬೇಗ ಹಾಳಾಗುತ್ತದೆ. ಹಳೆಯ ವೇಗದೋಣಿ ಕೊಳ್ಳುವವರು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಆಸೆ ಹುಟ್ಟಲು ಕಾರಣಗಳಿವೆ. ಭಾವೂಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಲ್ಲಿ ರೋ–ರೋ ಹಡಗು ಶುರುವಾಯಿತು. 2022ರ ಫೆಬ್ರವರಿಯಲ್ಲಿ ಬೇಲಾಪುರದ ಹೊಸ ಧಕ್ಕೆ ತೆರೆಯಿತು. ಅಲ್ಲಿಂದ ಹೊರಟು ಅಟಲ್ ಸೇತುವಿನ ಅಡಿ ಹಾಯ್ದು, ಘಾರಾಪುರಿಯ (ಎಲಿಫೆಂಟಾ) ಪಕ್ಕದಿಂದ ಅಲಿಬಾಗಿನ ಕಡೆಗೆ ನುಗ್ಗುವ ದಾರಿ ಕಣ್ಣೆದುರೇ ಇದೆ. ಹೊಸ ವಿಹಾರ ದೋಣಿಗೆ 2025ರ ಸೆಪ್ಟೆಂಬರ್‌ನಿಂದ ಶೇಕಡಾ 40 ಜಿಎಸ್‌ಟಿ ಇರುವುದರಿಂದ ಮನಸ್ಸು ಹಳೆಯದರತ್ತ ವಾಲುವುದು ಸಹಜ. ಹಳೆಯ ವೇಗದೋಣಿಗೆ ಒಂದು ಕೀರ್ತಿಯೂ ಇದೆ. ಅಮೆರಿಕದ ವಿನ್ಯಾಸಕಾರ ರೇಮಂಡ್ ಹಂಟ್ ದೋಣಿಯ ತಳವನ್ನು ಇಂಗ್ಲಿಷ್ ‘ವಿ’ ಅಕ್ಷರದಂತೆ ಹಿಂಬದಿಯವರೆಗೂ ಚೂಪಾಗಿ ಇಳಿಸಿದರು. ಅಂಥ ದೋಣಿಯಲ್ಲಿ ರಿಚರ್ಡ್ ಬರ್ಟ್ರಾಮ್ 1960ರ ಮಯಾಮಿ–ನಸ್ಸಾವು ಪಂದ್ಯವನ್ನು ಒರಟು ಸಮುದ್ರದಲ್ಲೇ ಗೆದ್ದರು. ಚಪ್ಪಟೆ ತಳದ ದೋಣಿ ಅಲೆಯ ಮೇಲೆ ಕುಕ್ಕುತ್ತದೆ, ಚೂಪು ತಳದ್ದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಆಮೇಲೆ ಡಾನ್ ಆರನೋ ಎಂಬ ಉದ್ಯಮಿ ಫಾರ್ಮುಲಾ, ಡಾನ್ಜಿ, ಮ್ಯಾಗ್ನಮ್, ಸಿಗರೆಟ್ ಎಂದು ಒಂದರ ಮೇಲೊಂದು ಕಂಪನಿ ಕಟ್ಟಿ ಈ ತಳವನ್ನು ಜಗತ್ತಿಗೇ ಪರಿಚಯಿಸಿದರು. ಆ ಕಾಲದ ಫೈಬರ್ ದಪ್ಪ, ಕಟ್ಟಣೆ ಗಟ್ಟಿ. ಹಾಗಾಗಿಯೇ ನಲವತ್ತು ವರ್ಷದ ದೋಣಿಯೂ ಒಮ್ಮೆ ಪಾಲಿಶ್ ಮಾಡಿಸಿದರೆ ನಿನ್ನೆ ತಂದದ್ದರಂತೆ ಹೊಳೆಯುತ್ತದೆ. ಆದರೆ ಹೊಳಪು ಇರುವುದು ಮೇಲಿನ ಪದರದಲ್ಲಿ ಮಾತ್ರ.

ಇಪ್ಪತ್ತು ವರ್ಷದಲ್ಲಿ 200 ಗಂಟೆ ಎಂದರೆ ವರ್ಷಕ್ಕೆ ಹತ್ತು ಗಂಟೆ. ವರ್ಷದಲ್ಲಿ ಎಂಟು ಸಾವಿರದ ಏಳುನೂರಕ್ಕೂ ಹೆಚ್ಚು ಗಂಟೆಗಳಿವೆ. ಅವುಗಳಲ್ಲಿ ಹತ್ತನ್ನು ಬಿಟ್ಟರೆ ಉಳಿದ ಹೊತ್ತೆಲ್ಲ ಆ ಎಂಜಿನ್ ಉಪ್ಪುಗಾಳಿಯಲ್ಲಿ ನಿಂತಿತ್ತು. ಕಾರಿನ ಎಂಜಿನ್ ತನ್ನದೇ ಕೂಲಂಟ್‌ನಿಂದ ತಣ್ಣಗಾಗುತ್ತದೆ. ಹಳೆಯ ದೋಣಿಗಳಲ್ಲಿ ಎಷ್ಟೋ ಎಂಜಿನ್‌ಗಳು ಸಮುದ್ರದ ನೀರನ್ನೇ ಒಳಗೆಳೆದು ತಣ್ಣಗಾಗುತ್ತವೆ. ಆ ನೀರನ್ನು ಎಳೆಯುವುದು ಪಂಪಿನೊಳಗಿನ ಅಂಗೈಯಗಲದ ರಬ್ಬರ್ ಚಕ್ರ, ಇಂಪೆಲರ್. ತಿರುಗದೆ ನಿಂತರೆ ಅದರ ಎಸಳುಗಳು ಮಡಚಿದಲ್ಲಿಯೇ ಸೆಟೆದು, ಮುಂದೊಮ್ಮೆ ತಿರುಗಿಸಿದಾಗ ಮುರಿಯುತ್ತವೆ. ಪನ್ವೆಲ್ ಖಾಡಿಯಂಥ ಕಡೆ ಇಳಿತದ ಹೊತ್ತಿಗೆ ನೀರಿಗಿಂತ ಕೆಸರೇ ಹೆಚ್ಚು, ಆ ಕೆಸರನ್ನು ಎಳೆದ ಪಂಪು ಇನ್ನೂ ಬೇಗ ಸವೆಯುತ್ತದೆ. ಹೊಗೆ ಹೊರಹೋಗುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನ ಬಣ್ಣ ಮಾತ್ರ ಹಾಗೇ ಇರುತ್ತದೆ. ಉಪ್ಪುನೀರಿನಲ್ಲಿ ಅದನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು ಎನ್ನುತ್ತಾರೆ ಬಲ್ಲ ಮೆಕ್ಯಾನಿಕರು. ಬದಲಿಸದಿದ್ದರೆ ಒಳಗೋಡೆ ತೂತಾಗಿ ನೀರು ಸಿಲಿಂಡರಿಗೆ ತೊಟ್ಟಿಕ್ಕುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ. ಗಂಟೆಯ ಮೀಟರ್ ಇದಾವುದನ್ನೂ ಎಣಿಸುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುವುದು ನ್ಯಾಯವೇ. ಕಡಿಮೆ ಓಡಿದ ಎಂಜಿನ್ನಿನಲ್ಲಿ ಪಿಸ್ಟನ್, ಬೇರಿಂಗ್ ಸವೆತ ಕಡಿಮೆ ಅಲ್ಲವೇ? ನಿಜ. ಸಿಹಿನೀರಿನ ಕೆರೆಯಲ್ಲಿ ಓಡಿ, ಓಡದಾಗ ಶೆಡ್ಡಿನಲ್ಲಿ ಒಣಗಿ ನಿಂತು, ಪ್ರತಿ ವರ್ಷ ಎಣ್ಣೆ ಬದಲಿಸಿಕೊಂಡ ದೋಣಿಗೆ ಕಡಿಮೆ ಗಂಟೆ ಒಳ್ಳೆಯ ಗುಣವೇ. ಆದರೆ ಅಲ್ಲಿ ಕಾಪಾಡಿದ್ದು ಗಂಟೆಯಲ್ಲ, ಆರೈಕೆ. ವರ್ಷಕ್ಕೆ ಐವತ್ತು ಗಂಟೆ ಓಡಿ, ಬಂದಾಗಲೆಲ್ಲ ಸಿಹಿನೀರಿನಲ್ಲಿ ಎಂಜಿನ್ ತೊಳೆಸಿಕೊಂಡು, ಇಂಪೆಲರ್ ಬದಲಿಸಿದ ಚೀಟಿಗಳನ್ನು ಜೋಡಿಸಿಟ್ಟ 1,000 ಗಂಟೆಯ ದೋಣಿಯ ಮುಂದೆ, ಚೀಟಿಯೇ ಇಲ್ಲದ 200 ಗಂಟೆಯ ದೋಣಿ ನಿಲ್ಲಲಾರದು. ಓಡುವ ದೋಣಿಯ ತಪ್ಪು ಓಡುವಾಗಲೇ ಕಾಣುತ್ತದೆ, ಯಜಮಾನ ಅದನ್ನು ಸರಿಮಾಡಿಸುತ್ತಾನೆ. ನಿಂತ ದೋಣಿಯ ತಪ್ಪುಗಳೆಲ್ಲ ಒಟ್ಟಾಗಿ ಹೊಸ ಯಜಮಾನನಿಗಾಗಿ ಕಾಯುತ್ತಿರುತ್ತವೆ.

ನಿಂತ ದೋಣಿಗೆ ನಮ್ಮ ದೇಶದಲ್ಲಿ ಈಗ ಇನ್ನೊಂದು ಶತ್ರು ಸೇರಿಕೊಂಡಿದೆ, ಟ್ಯಾಂಕಿನೊಳಗಿನ ಪೆಟ್ರೋಲೇ ಅದು. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಹೋಗುವ ಕೊಳವೆ ಇರುವುದೂ ಆ ತಳದಲ್ಲಿಯೇ. ಸದಾ ಓಡುವ ಗಾಡಿಯಲ್ಲಿ ಪೆಟ್ರೋಲ್ ವಾರದಲ್ಲಿ ಖಾಲಿಯಾಗುವುದರಿಂದ ಈ ತೊಂದರೆ ಕಾಣಿಸದು. ಮಳೆಗಾಲದ ನಾಲ್ಕು ತಿಂಗಳು ಅರ್ಧ ಟ್ಯಾಂಕಿನೊಂದಿಗೆ ನಿಂತ ದೋಣಿಯಲ್ಲಿ ಕಾಣಿಸದೆ ಇರದು. ಎಥನಾಲ್ ಬರುವ ಮೊದಲು ಕಟ್ಟಿದ ದೋಣಿಗಳ ರಬ್ಬರ್ ಪೈಪುಗಳು ಅದಕ್ಕೆ ಮೆತ್ತಗಾಗಿ ಬಿರಿಯುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದ್ದು ಎಂಜಿನ್ ಕೋಣೆಯ ತಳದಲ್ಲಿ ಮಡುಗಟ್ಟಿ ಒಂದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಹಳೆಯ ದೋಣಿ ಕೊಂಡ ದಿನವೇ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸುವ ಖರ್ಚನ್ನು ಬೆಲೆಯೊಳಗೇ ಸೇರಿಸಿಕೊಳ್ಳಬೇಕು. ಎಂಜಿನ್ ಒಳಗಿರುವ ದೋಣಿಯಾದರೆ ಚಾಲೂ ಮಾಡುವ ಮೊದಲು ಗಾಳಿ ಹೊರಹಾಕುವ ಬ್ಲೋವರ್ ನಾಲ್ಕೈದು ನಿಮಿಷ ಓಡಲೇಬೇಕು.

‘ಎಂಜಿನ್ ಹಾಳಾದರೆ ಹೊಸದು ಹಾಕಿಸಿದರಾಯಿತು, ಒಡಲು ಗಟ್ಟಿ ಇದ್ದರೆ ಸಾಕು’ ಎಂಬುದು ಎರಡನೆಯ ಆಕ್ಷೇಪ. ಒಡಲಿನ ಗಟ್ಟಿತನ ತಿಳಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ದೋಣಿಯ ಹಿಂಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ, ಎಂಜಿನ್ನಿನ ಭಾರ ಮತ್ತು ತಳ್ಳುವ ಬಲವೆಲ್ಲ ಬೀಳುವುದು ಅದರ ಮೇಲೆ. ಹಳೆಯ ದೋಣಿಗಳಲ್ಲಿ ಎರಡು ಪದರ ಫೈಬರಿನ ನಡುವೆ ಪ್ಲೈವುಡ್ ಇರುತ್ತದೆ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಆ ಗೋಡೆಯ ಮೇಲೆ ಬೆರಳಗಲದಿಂದ ಬೆರಳಗಲಕ್ಕೆ ತಟ್ಟುತ್ತ ಬರಬೇಕು. ಒಳಗಿನ ಮರ ಒಣಗಿ ಗಟ್ಟಿಯಾಗಿದ್ದರೆ ‘ಟಕ್ ಟಕ್’ ಎಂಬ ಖಚಿತವಾದ ಸದ್ದು, ಸುತ್ತಿಗೆ ಕೈಯಲ್ಲಿ ಪುಟಿಯುತ್ತದೆ. ಎಂಜಿನ್ನಿನ ಬೋಲ್ಟುಗಳ ಸುತ್ತ, ನೀರು ಬಸಿಯುವ ತೂತಿನ ಸುತ್ತ ಬಂದಾಗ ಒದ್ದೆ ಹಲಗೆಗೆ ಹೊಡೆದಂತೆ ‘ದಬ್’ ಎಂದು ಸದ್ದು ಸತ್ತರೆ ಮರ ನೀರು ಕುಡಿದು ಕೊಳೆತಿದೆ ಎಂದರ್ಥ. ತಳದ ಉದ್ದಕ್ಕೂ ಓಡುವ ಮರದ ತೊಲೆಗಳಿಗೂ ಇದೇ ಪರೀಕ್ಷೆ. ಫೈಬರ್ ಕೊಳೆಯುವುದಿಲ್ಲ ಎಂಬುದು ಸರಿ. ಅದು ಅಪ್ಪಿಕೊಂಡಿರುವ ಮರ ಕೊಳೆಯುತ್ತದೆ, ಆ ಕೊಳೆತ ಗೋಡೆಗೆ ಹೊಸ ಎಂಜಿನ್ ತಗುಲಿಸುವುದು ಗೆದ್ದಲು ಹಿಡಿದ ತೊಲೆಗೆ ಹೊಸ ತೊಟ್ಟಿಲು ಕಟ್ಟಿದ ಹಾಗೆ. ವೇಗ ಎರಡು ಪಟ್ಟಾದರೆ ಚಲನೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಧಾನದ ದೋಣಿ ಸಹಿಸಿಕೊಳ್ಳುವ ಕೊಳೆತವನ್ನು ವೇಗದ ದೋಣಿ ಸಹಿಸುವುದಿಲ್ಲ.

ಹೊಸ ಎಂಜಿನ್ ಬಂದಾಕ್ಷಣ ಎಲ್ಲ ಸುರಕ್ಷಿತ ಎಂಬ ನಂಬಿಕೆಗೂ ಮುಂಬೈ ಬಂದರು ಕಹಿಯಾದ ಉತ್ತರ ಕೊಟ್ಟಿದೆ. 2024ರ ಡಿಸೆಂಬರ್ 18ರ ಮಧ್ಯಾಹ್ನ ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದೋಣಿಯೊಂದು ಹತೋಟಿ ತಪ್ಪಿ, ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲಕಮಲ್’ ಫೆರಿಗೆ ಅಪ್ಪಳಿಸಿತು. 15 ಜನ ಪ್ರಾಣ ಕಳೆದುಕೊಂಡರು. ಎಂಜಿನ್ ದೋಷದಿಂದ ಹತೋಟಿ ತಪ್ಪಿತೆಂದು ನೌಕಾಪಡೆ ಅಂದೇ ಹೇಳಿತು. ತರಬೇತಿ ಪಡೆದವರ ಕೈಯಲ್ಲಿಯೂ ಪರೀಕ್ಷೆಯ ಓಟ ಇಷ್ಟು ಅಪಾಯಕಾರಿ ಎಂದಾದರೆ, ಎಂಜಿನ್ ಬದಲಿಸಿದ ಹಳೆಯ ದೋಣಿಯನ್ನು ಮೊದಲ ದಿನವೇ ಮನೆಮಂದಿಯನ್ನು ಕೂರಿಸಿಕೊಂಡು ಫೆರಿಗಳ ದಾರಿಯಲ್ಲಿ ಓಡಿಸುವುದು ಎಂಥ ತಪ್ಪು! ಪರೀಕ್ಷೆಯ ಓಟ ತೆರವಾದ ನೀರಿನಲ್ಲಿ, ದೋಣಿ ನಡೆಸುವ ಅನುಭವಿ ತಾಂಡೇಲನ ಜೊತೆ, ಲೈಫ್ ಜಾಕೆಟ್ ತೊಟ್ಟು ನಡೆಯಬೇಕು. ಚಾಲಕ ಎಸೆಯಲ್ಪಟ್ಟರೆ ಎಂಜಿನ್ ತಾನೇ ನಿಲ್ಲುವಂತೆ ಮಾಡುವ ಕಿಲ್ ಸ್ವಿಚ್ಚಿನ ಹಗ್ಗ ಮೈಗೆ ಸಿಕ್ಕಿಸಿಕೊಂಡಿರಲೇಬೇಕು.

ಆರೈಕೆಯೇ ದೋಣಿಯ ಆಯಸ್ಸು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಎರಡು ಸಾಕ್ಷಿಗಳಿವೆ. ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಆ 61 ದಿನ ಬೋಟುಗಳಿಗೆ ದುರಸ್ತಿಯ ಕಾಲ. ದಡಕ್ಕೆಳೆದು ತಳ ಕೆರೆಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು ಎಲ್ಲ ಆಗಲೇ. ವರ್ಷವಿಡೀ ದುಡಿದ ಬೋಟು ಮರುವರ್ಷವೂ ದುಡಿಯುವುದು ಈ ಶಿಸ್ತಿನಿಂದ. ಇನ್ನೊಂದು ಸಾಕ್ಷಿ ಸರ್ಕಾರದ್ದು. 2005ರಿಂದ 2011ರವರೆಗಿನ ಕರಾವಳಿ ಭದ್ರತಾ ಯೋಜನೆಯ ಮೊದಲ ಹಂತದಲ್ಲಿ ಕರಾವಳಿ ಪೊಲೀಸರಿಗೆ 204 ಬೋಟುಗಳನ್ನು ಕೊಡಲಾಯಿತು. ಕೆಲವೇ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನಿರ್ವಹಣೆಯಿಲ್ಲದೆ ಬೋಟುಗಳು ಸುಮ್ಮನೆ ನಿಂತಿದ್ದನ್ನು ಸಿಎಜಿ ವರದಿಗಳು ಎತ್ತಿ ತೋರಿಸಿದವು. ಹೊಸದಾಗಿ ಬಂದ ವೇಗದೋಣಿಗಳ ಗತಿಯೇ ಹೀಗಾದರೆ, ಒಬ್ಬರಿಂದ ಒಬ್ಬರಿಗೆ ಕೈ ಬದಲಿಸುತ್ತ ಬಂದ ಹಳೆಯದರ ಬಗ್ಗೆ ಎಷ್ಟು ಎಚ್ಚರ ಬೇಕು?

ಪರೀಕ್ಷೆ ಮಾಡುವ ತಜ್ಞ ಸರ್ವೇಯರನ್ನು ಎಲ್ಲಿಂದ ತರುವುದು, ಅದಕ್ಕೂ ದುಡ್ಡು ಸುರಿಯಬೇಕೇ ಎಂದು ಕೇಳುವವರಿದ್ದಾರೆ. ಸುರಿಯಬೇಕು. ಸರ್ವೇಯರಿಗೆ ಕೊಡುವ ಹಣ ಒಂದು ಮ್ಯಾನಿಫೋಲ್ಡ್ ಜೋಡಿಯ ಎದುರು ದೊಡ್ಡದಲ್ಲ. ಅವನು ಬರುವ ಮೊದಲೇ ಕೊಳ್ಳುವವನು ತಾನೇ ನೋಡಬಹುದಾದವೂ ಇವೆ. ಹಿಂದಿನ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಬೆರಳು ಎಣ್ಣೆ ಇಳಿಸಿದರೆ ಸಾಕು. ಎಣ್ಣೆ ತಿಳಿಯಾಗಿದ್ದರೆ ಸಮಾಧಾನ, ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲು ಒಡೆದು ನೀರು ಒಳಹೊಕ್ಕಿದೆ. ಮೆಕ್ಯಾನಿಕನಿಂದ ಎಲ್ಲ ಸಿಲಿಂಡರುಗಳ ಕಂಪ್ರೆಶನ್ ಅಳೆಸಬೇಕು. ಅಂಕಿ ಎಷ್ಟು ಎಂಬುದಕ್ಕಿಂತ ಒಂದಕ್ಕೊಂದು ಶೇಕಡಾ ಹತ್ತರೊಳಗೆ ಹೊಂದುತ್ತವೆಯೇ ಎಂಬುದು ಮುಖ್ಯ. ಮಾರುವವನು ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಬೇಕು, ಏಕೆಂದರೆ ತಣ್ಣಗಿನ ಎಂಜಿನ್ ಚಾಲೂ ಆಗುವ ರೀತಿಯಲ್ಲಿಯೇ ಅದರ ನಿಜ ತಿಳಿಯುತ್ತದೆ. ಮಹಾರಾಷ್ಟ್ರ ಮೆರಿಟೈಮ್ ಬೋರ್ಡಿನ ನೋಂದಣಿ, ವಿಮೆ, ವಿದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಕಾಗದ ಇರಲೇಬೇಕು, ಅವುಗಳಲ್ಲಿನ ಸಂಖ್ಯೆಗಳು ಎಂಜಿನ್ ಮತ್ತು ಒಡಲಿನ ಮೇಲಿನ ಸಂಖ್ಯೆಗಳಿಗೆ ಹೊಂದಬೇಕು. 2008ರ ನವೆಂಬರ್ 26ರ ದಾಳಿಕೋರರು ಸಮುದ್ರದಿಂದ ಬಂದ ಮೇಲೆ ಈ ಕರಾವಳಿಯಲ್ಲಿ ಕಾಗದವಿಲ್ಲದ ದೋಣಿ ಎಂದರೆ ತೊಂದರೆಯನ್ನು ಮನೆಗೆ ಕರೆತಂದಂತೆ. ಇವುಗಳಲ್ಲಿ ಯಾವುದಕ್ಕೇ ಮಾರುವವನು ಒಪ್ಪದಿದ್ದರೂ ಉತ್ತರ ಸಿಕ್ಕಿತೆಂದೇ ತಿಳಿದು ಹಿಂತಿರುಗಬೇಕು.

ಕೊನೆಗೆ ಹಣದ ಮಾತು. ಹಳೆಯ ದೋಣಿಯ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಆನೆಯನ್ನು ಅಗ್ಗಕ್ಕೆ ತಂದರೂ ಅದು ತಿನ್ನುವುದು ಆನೆಯಷ್ಟೇ ಮೇವು. 300 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 100 ಲೀಟರ್ ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಗಂಟೆಗೆ ಹತ್ತು ಸಾವಿರ, ಎಂಜಿನ್ ಎರಡಿದ್ದರೆ ಇಪ್ಪತ್ತು. ಈ ಖರ್ಚಿಗೆ ಹೆದರಿಯೇ ಹಿಂದಿನ ಯಜಮಾನ ದೋಣಿಯನ್ನು ನಿಲ್ಲಿಸಿದ್ದು, ನಿಲ್ಲಿಸಿದ್ದರಿಂದಲೇ ಅದು ಹಾಳಾದದ್ದು, ಹಾಳಾದದ್ದರಿಂದಲೇ ಅಗ್ಗವಾಗಿ ಮಾರಾಟಕ್ಕೆ ಬಂದದ್ದು. ಕೊಳ್ಳುವವನೂ ನಿಲ್ಲಿಸುವವನೇ ಆದರೆ ಅದೇ ಸರಪಳಿಗೆ ಇನ್ನೊಂದು ಕೊಂಡಿಯಾಗುತ್ತಾನೆ. ವರ್ಷಕ್ಕೆ ನಾಲ್ಕು ಸಲ ಸಮುದ್ರ ನೋಡುವ ಆಸೆ ಇರುವವರಿಗೆ ಬಾಡಿಗೆಯ ದೋಣಿ ಸಾಕು. ಪ್ರತಿ ವಾರ ನೀರಿಗಿಳಿದು, ಹಿಂದಿರುಗಿ ತೊಳೆದು, ಮಳೆಗಾಲಕ್ಕೆ ಮೊದಲು ಎಣ್ಣೆ ಬದಲಿಸಿ ಟಾರ್ಪಾಲು ಹೊದಿಸುವ ಮನಸ್ಸಿರುವವರಿಗೆ ಮಾತ್ರ ಹಳೆಯ ವೇಗದೋಣಿ ಒಳ್ಳೆಯ ಸಂಗಾತಿ. ಅಂಥವರು ಮಾರುವವನ ಮುಂದೆ ನಿಂತಾಗ ಎಷ್ಟು ಗಂಟೆ ಓಡಿದೆ ಎಂಬುದನ್ನು ಆಮೇಲೆ ಕೇಳಲಿ. ಮೊದಲು ಕೇಳಬೇಕಾದದ್ದು ಇದು: ಓಡದ ದಿನಗಳಲ್ಲಿ ಈ ದೋಣಿ ಎಲ್ಲಿ ನಿಂತಿತ್ತು, ಯಾರು ನೋಡಿಕೊಂಡರು?